ಬೇಸಿಗೆಯಲ್ಲಿ ಹಾಲು ಇಳಿದರೆ ಟಾನಿಕ್‌ಗಿಂತ ಮೊದಲು ಕೊಟ್ಟಿಗೆ ನೋಡಿ

ಪ್ರಶ್ನೆ: ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ. ಮೂರು ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್) ಮಿಶ್ರತಳಿ ಹಸು ಇವೆ. ಸಿಮೆಂಟ್ ಶೀಟಿನ ಕೊಟ್ಟಿಗೆ. ದೊಡ್ಡ ಹಸು ಜನವರಿಯಲ್ಲಿ ದಿನಕ್ಕೆ 16 ಲೀಟರ್ ಕೊಡುತ್ತಿತ್ತು. ಈಗ ಏಪ್ರಿಲ್‌ನಲ್ಲಿ 11ಕ್ಕೆ ಇಳಿದಿದೆ. ಮೇವು, ಫೀಡ್ ಏನೂ ಕಡಿಮೆ ಮಾಡಿಲ್ಲ, ಅದೇ ತಿನ್ನದೆ ಬಿಡುತ್ತಿದೆ. ಡೇರಿಯಲ್ಲಿ ಎಸ್‌ಎನ್‌ಎಫ್ (ಹಾಲಿನ ಗಟ್ಟಿ ಅಂಶ) 8.5 ಬರಬೇಕು, ನಮ್ಮದು 8.1 ಬರುತ್ತಿದೆ. ನೀರು ಬೆರೆಸಿದ್ದೀರಾ ಅಂತ ಕೇಳಿದರು, ತುಂಬಾ ಬೇಜಾರಾಯಿತು. ಎರಡನೇ ಹಸುವಿಗೆ ಮೂರು ಸಲ ಸೆಮೆನ್ ಹಾಕಿಸಿದರೂ ಗಬ್ಬ ನಿಂತಿಲ್ಲ. ಮೂರನೆಯದು ಎಂಟು ತಿಂಗಳ ಗಬ್ಬ. ಹಾಲು ಬತ್ತಿಸಿ ಹಿಂದೆ ತಗಡಿನ ಶೆಡ್ಡಿನಲ್ಲಿ ಕಟ್ಟಿದ್ದೇವೆ, ಅದರದ್ದೇನೂ ತೊಂದರೆ ಇಲ್ಲ. ಕ್ಯಾಲ್ಸಿಯಂ ಕುಡಿಸಿ ಅಂತ ಕೆಲವರು, ಇವನ್ನು ಮಾರಿ ನಾಟಿ ಹಸು ಕಟ್ಟಿ ಅಂತ ಕೆಲವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಹಸುಗಳನ್ನು ಕಾಡುತ್ತಿರುವುದು ಬಿಸಿಲಿನ ಒತ್ತಡ. ಮೈಯಲ್ಲಿ ಹುಟ್ಟುವ ಶಾಖಕ್ಕೆ ಹೊರಗೆ ಹೋಗಲು ದಾರಿ ಸಿಗುತ್ತಿಲ್ಲ. ಆ ದಾರಿ ಮಾಡಿಕೊಟ್ಟರೆ ಹಾಲು ಬಹಳಷ್ಟು ವಾಪಸ್ ಬರುತ್ತದೆ. ಕ್ಯಾಲ್ಸಿಯಂ ಬಾಟಲಿಗೆ ಆ ಕೆಲಸ ಬರುವುದಿಲ್ಲ. ಆ ದುಡ್ಡು ನೀರಿನ ತೊಟ್ಟಿಗೆ, ಫ್ಯಾನಿಗೆ, ಸುಣ್ಣಕ್ಕೆ ಹಾಕಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಡಿಮೆಯಾದ ಐದು ಲೀಟರೂ ಬಿಸಿಲಿನ ಲೆಕ್ಕಕ್ಕೆ ಹೋಗುವುದಿಲ್ಲ. ಕರು ಹಾಕಿದ ಆರೇಳು ವಾರಕ್ಕೆ ಹಾಲು ತುದಿ ಮುಟ್ಟುತ್ತದೆ. ಅಲ್ಲಿಂದ ಮುಂದೆ ತಿಂಗಳಿಗೆ ನೂರಕ್ಕೆ ಎಂಟು-ಹತ್ತರಷ್ಟು ತಾನಾಗೇ ಇಳಿಯುತ್ತಾ ಹೋಗುತ್ತದೆ. ನಿಮ್ಮ ಹಸು ಡಿಸೆಂಬರ್ ಸುಮಾರಿಗೆ ಕರು ಹಾಕಿದ್ದರೆ, ಈಗ ಹದಿಮೂರರ ಆಸುಪಾಸು ಇರಬೇಕಿತ್ತು. ಬಾಕಿ ಎರಡು-ಮೂರು ಲೀಟರ್ ಬಿಸಿಲು ಕಿತ್ತುಕೊಂಡಿರುವುದು. ನಾವು ಹಿಂದಕ್ಕೆ ತರಬಹುದಾದದ್ದು ಅದನ್ನು. ಹದಿನಾರು ಬರಲಿಲ್ಲ ಅಂತ ಆಮೇಲೆ ನಿರಾಸೆ ಆಗಬಾರದು.

ಈಗ ಶಾಖ ಎಲ್ಲಿಂದ ಬರುತ್ತದೆ ನೋಡಿ. ಬಿಸಿಲು ಅರ್ಧ ಕಥೆ ಅಷ್ಟೆ. ಹಸುವಿನ ಹೊಟ್ಟೆಯೊಳಗೇ ಒಂದು ಒಲೆ ಉರಿಯುತ್ತಿರುತ್ತದೆ. ದೊಡ್ಡ ಹೊಟ್ಟೆಯಲ್ಲಿ ನೂರು ಲೀಟರಿನ ಆಸುಪಾಸು ಮೇವು, ನೀರು ತುಂಬಿರುತ್ತದೆ. ಅದರಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲನ್ನು ಹುಳಿ ಬರಿಸಿ ಕರಗಿಸುವಾಗ ಶಾಖ ಹುಟ್ಟುತ್ತದೆ. ಹಾಲು ಉತ್ಪಾದನೆಯಾಗುವಾಗ ಇನ್ನಷ್ಟು. ಜಾಸ್ತಿ ಹಾಲು ಕೊಡುವ ಹಸು ಜಾಸ್ತಿ ತಿನ್ನುತ್ತದೆ, ಜಾಸ್ತಿ ಶಾಖ ಹುಟ್ಟಿಸುತ್ತದೆ. ಹಾಗಾಗಿ ಮನೆಯಲ್ಲಿ ಒಳ್ಳೆ ಹಸು ಯಾವುದೋ ಅದೇ ಮೊದಲು ಸೋಲುವುದು.

ಗಾಳಿ ತಂಪಾಗಿದ್ದರೆ ಈ ಶಾಖ ಚರ್ಮದ ಮೂಲಕ ಸುಮ್ನೆ ಹೊರಗೆ ಹೋಗುತ್ತದೆ. ಗಾಳಿ ಬಿಸಿಯಾದಷ್ಟೂ ಆ ದಾರಿ ಮುಚ್ಚುತ್ತಾ ಬರುತ್ತದೆ. ಆಗ ಉಳಿಯುವುದು ಬೆವರು ಮತ್ತು ಏದುಸಿರು, ಅಂದರೆ ನೀರು ಆವಿಯಾಗಿ ಶಾಖ ಹೊತ್ತೊಯ್ಯುವ ದಾರಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದೂ ನಡೆಯುವುದಿಲ್ಲ. ಅದಕ್ಕೇ ಬರೀ ಉಷ್ಣಾಂಶ ನೋಡದೆ, ಉಷ್ಣಾಂಶ ಮತ್ತು ತೇವಾಂಶ ಸೇರಿಸಿ ಒಂದು ಸೂಚ್ಯಂಕ ಲೆಕ್ಕ ಹಾಕುತ್ತಾರೆ. ಟಿಎಚ್‌ಐ ಅನ್ನುತ್ತಾರೆ. ಅದು 72 ದಾಟಿದರೆ ಹಸುವಿಗೆ ಕಷ್ಟ ಶುರು. ತುಂಬಾ ಹಾಲು ಕೊಡುವ ಹಸುವಿಗೆ 68ಕ್ಕೇ ಶುರು. ನಿಮ್ಮ ಕಡೆ ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಸೆಲ್ಸಿಯಸ್, 30 ಶೇಕಡಾ ತೇವಾಂಶ ಇದ್ದರೆ ಸೂಚ್ಯಂಕ 82ರ ಹತ್ತಿರ ಬರುತ್ತದೆ. ಟ್ಯುನೀಷಿಯಾದಲ್ಲಿ ಎಚ್‌ಎಫ್ ಹಸುಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೂಚ್ಯಂಕ 69 ದಾಟಿದ ಮೇಲೆ ಒಂದೊಂದು ಅಂಕಕ್ಕೂ ದಿನಕ್ಕೆ ಸುಮಾರು 400 ಗ್ರಾಂ ಹಾಲು ಇಳಿದಿತ್ತು. ನಮ್ಮ ಮಿಶ್ರತಳಿಗಳು ಅಷ್ಟು ಸೂಕ್ಷ್ಮ ಅಲ್ಲ. ಆದರೂ ದಾರಿ ಅದೇ.

ನಿಮ್ಮ ಪುಣ್ಯಕ್ಕೆ ಬಯಲುಸೀಮೆಯಲ್ಲಿ ರಾತ್ರಿ ತಂಪು. 22 ಡಿಗ್ರಿಗೆ ಇಳಿದರೆ ಸೂಚ್ಯಂಕ 70ರ ಕೆಳಗೆ ಬರುತ್ತದೆ. ಹಗಲೆಲ್ಲ ತುಂಬಿಕೊಂಡ ಶಾಖವನ್ನು ಹಸು ರಾತ್ರಿ ಕಳೆದುಕೊಳ್ಳಬಹುದು. ಮಂಗಳೂರು, ಉಡುಪಿ ಕಡೆ ರಾತ್ರಿಯೂ ಸೂಚ್ಯಂಕ 77ರಲ್ಲಿ ಕೂತಿರುತ್ತದೆ, ಅಲ್ಲಿನ ಹಸುವಿಗೆ ಬಿಡುವೇ ಇಲ್ಲ. ನಿಮ್ಮ ಇಡೀ ಉಪಾಯ ನಿಂತಿರುವುದು ಈ ತಂಪು ರಾತ್ರಿಯ ಮೇಲೆ. ಅದನ್ನು ಹೇಗೆ ಬಳಸಬೇಕು ಅಂತ ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ನಾಳೆ ಮಧ್ಯಾಹ್ನ ಮೂರು ಗಂಟೆಗೆ ಕೊಟ್ಟಿಗೆಗೆ ಹೋಗಿ ಹಸುವಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಮುಟ್ಟಬೇಡಿ, ಗದರಿಸಬೇಡಿ. ಪಕ್ಕೆಲುಬಿನ ಹಿಂದಿನ ಹೊಟ್ಟೆ ಮೇಲೆ ಕೆಳಗೆ ಆಡುವುದು ಕಾಣುತ್ತದೆ. ಗಡಿಯಾರ ನೋಡಿಕೊಂಡು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. ನಲವತ್ತರೊಳಗೆ ಇದ್ದರೆ ಹಸು ಆರಾಮಾಗಿದೆ. ಅರವತ್ತು ದಾಟಿದರೆ ಒತ್ತಡದಲ್ಲಿದೆ. ಎಂಬತ್ತು ದಾಟಿದ್ದರೆ, ಕತ್ತು ಮುಂದಕ್ಕೆ ಚಾಚಿ, ಬಾಯಿ ತೆರೆದು, ಜೊಲ್ಲು ಎಳೆಎಳೆಯಾಗಿ ಇಳಿಯುತ್ತಿದ್ದರೆ, ಆ ದಿನದ ನಷ್ಟ ಆಗಲೇ ಆಗಿಹೋಗಿದೆ. ಮಲಗದೆ ನಿಂತೇ ಇದೆಯಾ, ಮೆಲುಕು ಹಾಕುತ್ತಿದೆಯಾ ಅನ್ನುವುದನ್ನೂ ನೋಡಿ. ಈ ಎಣಿಕೆಯನ್ನು ಡೇರಿ ಪುಸ್ತಕದ ಕೊನೆ ಹಾಳೆಯಲ್ಲಿ ಬರೆದಿಡಿ. ಹಾಲು ಇಳಿಯುವುದು ಒಂದೆರಡು ದಿನ ತಡವಾಗಿ ಗೊತ್ತಾಗುತ್ತದೆ, ಉಸಿರು ಅವತ್ತೇ ಹೇಳುತ್ತದೆ.

ಇನ್ನೊಂದು ಪರೀಕ್ಷೆ ತಪ್ಪದೆ ಮಾಡಬೇಕು. ಬೆಳಗಿನ ಜಾವ ಐದಕ್ಕೆ ಗುದದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡಿ. ಹಸುವಿನ ಸಹಜ ಉಷ್ಣಾಂಶ 101.5 ಫ್ಯಾರನ್‌ಹೀಟ್ ಆಸುಪಾಸು. ಬಿಸಿಲಿನಿಂದ ಮಧ್ಯಾಹ್ನ 103, 104 ಆಗಿದ್ದರೂ ತಂಪು ರಾತ್ರಿ ಕಳೆದ ಮೇಲೆ ಇಳಿದಿರುತ್ತದೆ. ಬೆಳಗಿನ ಜಾವವೂ 104 ಇದ್ದರೆ ಅದನ್ನು ಬಿಸಿಲಿನ ತಲೆಗೆ ಕಟ್ಟಬೇಡಿ. ಬೇಸಿಗೆಯಲ್ಲಿ ರಕ್ತ ಹೀರುವ ಉಣ್ಣೆ ಹುಳು ಜಾಸ್ತಿ. ಉಣ್ಣೆಯಿಂದ ಬರುವ ಥೈಲೇರಿಯಾ ರೋಗ ಮಿಶ್ರತಳಿ ಹಸುಗಳನ್ನು ಬೇಗ ಹಿಡಿಯುತ್ತದೆ. ಕುತ್ತಿಗೆ ಬುಡದಲ್ಲಿ, ಮುಂಗಾಲ ಮೇಲೆ ಗಂಟು ಊದಿದ್ದರೆ, ಕಣ್ಣಿನ ಒಳಪೊರೆ ಬಿಳಿಚಿದ್ದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅವತ್ತೇ ಡಾಕ್ಟರನ್ನು ಕರೆಸಿ. ಹತ್ತಿರದಲ್ಲಿ ಯಾರೂ ಸಿಗದಿದ್ದರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ ಅದು. ಬಿಸಿಲು ಅಂದುಕೊಂಡು ಕಾದು ಕೂತು ಹಸು ಕಳೆದುಕೊಂಡವರನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ಡೇರಿಯ ವಿಷಯ. ನೀವು ನೀರು ಬೆರೆಸಿಲ್ಲ, ನಾನು ನಂಬುತ್ತೇನೆ. ಬಿಸಿಲಿಗೆ ಹಾಲಿನ ಅಳತೆ ಇಳಿಯುವುದರ ಜೊತೆಗೆ ಹಾಲಿನ ಪ್ರೋಟೀನ್ ಕೂಡ ಇಳಿಯುತ್ತದೆ. ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ: ಪ್ರೋಟೀನ್, ಲ್ಯಾಕ್ಟೋಸ್, ಖನಿಜ. ಪ್ರೋಟೀನ್ ಇಳಿದರೆ ಅದು ಇಳಿಯಲೇಬೇಕು. ಕೊಬ್ಬಿನ ಕಥೆ ಬೇರೆ. ಏದುಸಿರು ಬಿಡುವಾಗ ಮೈಯಿಂದ ಕಾರ್ಬನ್ ಡೈ ಆಕ್ಸೈಡ್ ಜಾಸ್ತಿ ಹೋಗುತ್ತದೆ. ರಕ್ತದ ಸಮತೋಲ ಕಾಯಲು ಹಸು ಬೈಕಾರ್ಬನೇಟನ್ನು ಮೂತ್ರದಲ್ಲಿ ಬಿಡುತ್ತದೆ. ಹೊಟ್ಟೆಯ ಹುಳಿ ಮುರಿಯಬೇಕಾದ ಬೈಕಾರ್ಬನೇಟ್ ಜೊಲ್ಲಿನಲ್ಲಿರುತ್ತದೆ, ಆ ಜೊಲ್ಲೂ ನೆಲಕ್ಕೆ ಸುರಿದು ಹೋಗುತ್ತದೆ. ಮೆಲುಕೂ ಕಡಿಮೆ. ಹೊಟ್ಟೆ ಹುಳಿಯಾಗುತ್ತದೆ, ಹಾಲಿನ ಕೊಬ್ಬು ಇಳಿಯುತ್ತದೆ, ಎರಡು ಮೂರು ತಿಂಗಳಾದ ಮೇಲೆ ಗೊರಸು ನೋವು ಶುರುವಾಗುತ್ತದೆ. ಮಳೆಗಾಲದಲ್ಲಿ ಹಸು ಕುಂಟಿದಾಗ ಬೇಸಿಗೆಯನ್ನು ಯಾರೂ ನೆನೆಸಿಕೊಳ್ಳುವುದಿಲ್ಲ.

ತಿನ್ನುವುದು ಕಡಿಮೆಯಾದ್ದರಿಂದಲೇ ಹಾಲು ಇಳಿಯಿತು ಅಂತ ಹಿಂದೆ ಅಂದುಕೊಂಡಿದ್ದರು. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿದರು. ಒಂದು ಗುಂಪು ಹಸುಗಳನ್ನು ಬಿಸಿಯಲ್ಲಿ ಇಟ್ಟರು. ಇನ್ನೊಂದು ಗುಂಪನ್ನು ತಂಪಿನಲ್ಲಿಟ್ಟು, ಬಿಸಿಯಲ್ಲಿದ್ದವು ಎಷ್ಟು ತಿಂದವೋ ಅಷ್ಟೇ ಕೊಟ್ಟರು. ತಂಪಿನಲ್ಲಿದ್ದವುಗಳ ಹಾಲೂ ಇಳಿಯಿತು, ಆದರೆ ಬಿಸಿಯಲ್ಲಿದ್ದವಕ್ಕೆ ಹೋಲಿಸಿದರೆ ಸುಮಾರು ಅರ್ಧದಷ್ಟು ಮಾತ್ರ. ಉಳಿದ ಅರ್ಧ ಶಾಖದ ನೇರ ಏಟು. ಬಿಸಿಯಾದ ಮೈ ತನ್ನ ಕೊಬ್ಬು ಕರಗಿಸಿಕೊಳ್ಳದೆ ಸಕ್ಕರೆಯನ್ನು ತಾನೇ ಬಳಸಿಕೊಳ್ಳುತ್ತದೆ. ಕೆಚ್ಚಲಿಗೆ ಲ್ಯಾಕ್ಟೋಸ್ ಮಾಡಿಕೊಳ್ಳಲು ಸಕ್ಕರೆ ಸಾಲುವುದಿಲ್ಲ. ಲ್ಯಾಕ್ಟೋಸ್ ಎಷ್ಟೋ ಹಾಲಿನ ಅಳತೆ ಅಷ್ಟು. ಅಂದರೆ ಫೀಡು ಬಲವಂತ ಮಾಡಿ ತಿನ್ನಿಸಿದರೂ ಹಸುವಿನ ಮೈ ತಂಪಾಗದೆ ಹಾಲು ಪೂರ್ತಿ ಬರುವುದಿಲ್ಲ.

ಸರಿ, ಮಾಡುವುದೇನು? ನೀರಿನಿಂದ ಶುರು ಮಾಡಿ. ನಮ್ಮ ಕಡೆ ಕಟ್ಟಿಹಾಕಿದ ಹಸುಗಳಿಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಕೆಟ್ ಹಿಡಿಯುವ ರೂಢಿ. ನಾನು ನೋಡಿದ ಕೊಟ್ಟಿಗೆಗಳಲ್ಲಿ ಬೇಸಿಗೆಯ ಅತಿ ದೊಡ್ಡ ದೋಷ ಇದೇ. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರು. ಹಾಲು ಕೊಡುವ ಹಸುವಿಗೆ ಬೇಸಿಗೆಯಲ್ಲಿ ದಿನಕ್ಕೆ 80ರಿಂದ 100 ಲೀಟರ್ ಬೇಕು. ಮೂರು ಸಲ ಒಂದೊಂದು ಬಕೆಟ್ ಹಿಡಿದರೆ ಅಷ್ಟು ಆಗುವುದಿಲ್ಲ, ಅಲ್ವಾ? ಗೋದಲಿ ಪಕ್ಕದಲ್ಲೇ ಒಂದು ತೊಟ್ಟಿ ಕಟ್ಟಿ, ಇಲ್ಲವೇ ಅರ್ಧ ಕತ್ತರಿಸಿದ ಡ್ರಮ್ ಇಡಿ. ಹಗಲೂ ರಾತ್ರಿ ನೀರು ಇರಲಿ, ಹಸು ಬೇಕಾದಾಗ ಬಾಯಿ ಹಾಕಲಿ. ಬಿಸಿಲಲ್ಲಿ ನಿಂತ ಕಪ್ಪು ಸಿಂಟೆಕ್ಸ್ ಟ್ಯಾಂಕಿನಿಂದ ಮಧ್ಯಾಹ್ನ ಬರುವ ನೀರಿಗೆ ಕೈ ಇಟ್ಟು ನೋಡಿ. ನಿಮಗೆ ಕುಡಿಯಬೇಕು ಅನ್ನಿಸದಿದ್ದರೆ ಹಸುವಿಗೂ ಅನ್ನಿಸುವುದಿಲ್ಲ. ಟ್ಯಾಂಕಿಗೆ ನೆರಳು ಮಾಡಿ, ಪೈಪನ್ನು ಮಣ್ಣಿನೊಳಗೆ ಹೂಳಿ. ಹಾಲು ಕರೆದ ತಕ್ಷಣ ಹಸುವಿಗೆ ತುಂಬಾ ದಾಹ ಇರುತ್ತದೆ, ಆ ಹೊತ್ತಿಗೆ ತೊಟ್ಟಿ ತುಂಬಿರಬೇಕು.

ಆಮೇಲೆ ಸೂರು. ಮಧ್ಯಾಹ್ನ ಕೊಟ್ಟಿಗೆಯೊಳಗೆ ನಿಂತು ಕೈಯನ್ನು ಶೀಟಿನ ಹತ್ತಿರಕ್ಕೆ ಒಯ್ಯಿರಿ. ಮುಟ್ಟುವ ಮೊದಲೇ ಕಾವು ತಟ್ಟುತ್ತದೆ. ಅದೇ ಕಾವು ದಿನವಿಡೀ ಹಸುವಿನ ಬೆನ್ನಿಗೆ ಬೀಳುತ್ತಿರುತ್ತದೆ. ಸೂರು ತಗ್ಗಾಗಿದ್ದಷ್ಟೂ ಜಾಸ್ತಿ. ಶೀಟಿನ ಮೇಲ್ಭಾಗಕ್ಕೆ ದಪ್ಪಗೆ ಸುಣ್ಣ ಬಳಿಯಿರಿ, ಅದರ ಮೇಲೆ ತೆಂಗಿನ ಗರಿ ಹೊದಿಸಿ. ಸೋರೆ, ಕುಂಬಳದ ಬಳ್ಳಿ ಹಬ್ಬಿಸಿದರೂ ಒಳ್ಳೆಯದೇ. ಪಡುವಣ ಬಿಸಿಲು ಒಳಗೆ ಬೀಳುವ ಕಡೆ ನೆರಳು ಪರದೆ ಕಟ್ಟಿ. ಗೋಡೆ ನಾಲ್ಕೂ ಕಡೆ ಮುಚ್ಚಿದ್ದರೆ ಎದುರುಬದುರು ಎರಡು ಕಡೆಯಾದರೂ ಎದೆ ಮಟ್ಟಕ್ಕೆ ಇಳಿಸಿ, ಗಾಳಿ ಆಡಬೇಕು. ಇದೆಲ್ಲ ಆಗುವ ತನಕ ಹತ್ತು ಗಂಟೆಗೇ ಹಸುಗಳನ್ನು ಹೊಂಗೆ ಮರದ ಕೆಳಗೆ ಕಟ್ಟಿ, ನೀರಿನ ಡ್ರಮ್ಮನ್ನೂ ಅಲ್ಲೇ ಇಡಿ. ಮರದ ನೆರಳಿಗೆ ಯಾವ ಶೀಟೂ ಸಮ ಇಲ್ಲ. ಎಲೆ ತಾನೇ ನೀರನ್ನು ಆವಿ ಮಾಡುತ್ತಾ ತಂಪಾಗಿರುತ್ತದೆ, ಕೆಳಗೆ ಕಾವು ಬಿಡುವುದಿಲ್ಲ.

ಮೈಗೆ ನೀರು ಹಾಕುವುದರ ಬಗ್ಗೆ ತುಂಬಾ ಗೊಂದಲ ಇದೆ. ಬಿಸಿಯಾದ ಹಸುವಿಗೆ ನೀರು ಹಾಕಿದರೆ ಶೀತ ಆಗುತ್ತದೆ ಅಂತ ಹೆದರುತ್ತಾರೆ. ಬೇಸಿಗೆಯಲ್ಲಿ ಹಾಗೇನೂ ಆಗುವುದಿಲ್ಲ, ಧೈರ್ಯವಾಗಿ ಹಾಕಿ. ಆದರೆ ಹಾಕುವ ರೀತಿ ಇದೆ. ತಂಪು ಮಾಡುವುದು ನೀರಿಗಿಂತ ಹೆಚ್ಚಾಗಿ ಅದು ಆವಿಯಾಗುವ ಕ್ರಿಯೆ. ಒಂದು ಲೀಟರ್ ನೀರು ಚರ್ಮದ ಮೇಲಿಂದ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೊತ್ತೊಯ್ಯುತ್ತದೆ. ಹಾಗಾಗಿ ಕೂದಲು ನೆನೆದು ಚರ್ಮಕ್ಕೆ ಮುಟ್ಟುವ ಹಾಗೆ ಒಂದೆರಡು ನಿಮಿಷ ಕತ್ತು, ಬೆನ್ನು, ಪಕ್ಕೆಗೆ ನೀರು ಹಾಕಿ ನಿಲ್ಲಿಸಿ. ಹತ್ತು ಹದಿನೈದು ನಿಮಿಷ ಜೋರಾಗಿ ಫ್ಯಾನ್ ಗಾಳಿ ಬಿಡಿ. ಮೈ ಒಣಗುತ್ತಾ ಬಂದಾಗ ಮತ್ತೆ ಹಾಕಿ. ಹೀಗೆ ಮುಕ್ಕಾಲು ಗಂಟೆ, ದಿನಕ್ಕೆ ಮೂರು ಸಲ ಮಾಡಿದರೆ ಉಸಿರಿನ ಎಣಿಕೆ ಇಳಿಯುವುದನ್ನು ನೀವೇ ಕಾಣುತ್ತೀರಿ. ಇಸ್ರೇಲಿನ ಡೇರಿಗಳು ಸುಡುವ ಬೇಸಿಗೆಯಲ್ಲೂ ಹಾಲು ಕಾಪಾಡಿಕೊಂಡಿರುವುದು ಇದೇ ವಿಧಾನದಿಂದ, ಅಲ್ಲಿ ದೊಡ್ಡ ಯಂತ್ರಗಳಲ್ಲಿ ಮಾಡುತ್ತಾರೆ ಅಷ್ಟೆ. ನಿಮಗೆ ಒಂದು ಬಕೆಟ್, ಒಂದು ಮಗ್, ಒಂದು ಗೋಡೆ ಫ್ಯಾನ್ ಸಾಕು. ಬೋರ್‌ವೆಲ್ ನೀರಿಗೆ ಕಷ್ಟ ಇರುವ ಊರಿನಲ್ಲಿ ಪೈಪ್ ಹಿಡಿದು ಸುರಿಯುವ ಅಗತ್ಯವೂ ಇಲ್ಲ.

ಕೆಚ್ಚಲಿಗೆ ನೀರು ಇಳಿದು ಬರದಂತೆ ನೋಡಿಕೊಳ್ಳಿ, ಒದ್ದೆ ಕೆಚ್ಚಲು ಕೆಸರಿಗೆ ತಾಗಿದರೆ ಕೆಚ್ಚಲು ಬಾವು ಬರುತ್ತದೆ. ಒದ್ದೆ ಗೋಣಿಚೀಲವನ್ನು ಬೆನ್ನ ಮೇಲೆ ಹೊದಿಸುವ ಬದಲು ಗಾಳಿ ಬರುವ ಕಡೆ ಪರದೆಯಾಗಿ ಕಟ್ಟಿ. ಬೆನ್ನ ಮೇಲಿದ್ದರೆ ಅದೇ ಚರ್ಮದ ಗಾಳಿ ತಡೆಯುತ್ತದೆ. ಫ್ಯಾನನ್ನು ಹಸುವಿಗೆ ಎಟುಕದ ಎತ್ತರಕ್ಕೆ ಹಾಕಿಸಿ, ಅರ್ಥಿಂಗ್ ಮಾಡಿಸದೆ ಸ್ವಿಚ್ ಹಾಕಬೇಡಿ. ಒದ್ದೆ ನೆಲದಲ್ಲಿ ಹಸುವಿಗೆ ಕರೆಂಟ್ ಹೊಡೆದರೆ ಉಳಿಯುವುದಿಲ್ಲ. ಕರಾವಳಿಯ ಓದುಗರಿಗೆ ಒಂದು ಮಾತು: ಮಂಜಿನಂತೆ ನೀರು ಸಿಂಪಡಿಸುವ ಫಾಗರ್ ನಿಮ್ಮಲ್ಲಿ ಬೇಡ. ಮೊದಲೇ ತೇವ ತುಂಬಿದ ಗಾಳಿಗೆ ಇನ್ನಷ್ಟು ತೇವ ಸೇರುತ್ತದೆ ಅಷ್ಟೆ.

ಮೇವಿನ ಹೊತ್ತು ಬದಲಿಸಿ. ತಿಂದ ಮೂರ್ನಾಲ್ಕು ಗಂಟೆಗೆ ಹೊಟ್ಟೆಯ ಶಾಖ ಏರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ರಾಗಿ ಹುಲ್ಲು ಹಾಕಿದರೆ ಒಳಗಿನ ಶಾಖವೂ ಹೊರಗಿನ ಬಿಸಿಲೂ ಒಂದೇ ಹೊತ್ತಿಗೆ ಏರುತ್ತವೆ. ದಿನದ ಮೇವಿನಲ್ಲಿ ಮೂರರಲ್ಲಿ ಎರಡು ಪಾಲು ಸಂಜೆ ಆರರಿಂದ ಬೆಳಿಗ್ಗೆ ಆರರೊಳಗೆ ಸಿಗಬೇಕು. ಒಣಹುಲ್ಲು ರಾತ್ರಿಗೆ ಇರಲಿ, ಹಗಲು ಹಸಿ ಮೇವು, ರಸಮೇವು (ಸೈಲೇಜ್) ಸ್ವಲ್ಪ ಸ್ವಲ್ಪವಾಗಿ ಕೊಡಿ. ಮಲಗುವ ಮೊದಲು ಗೋದಲಿ ತುಂಬಿಸಿ, ಬೆಳಗಿನ ಜಾವ ಎದ್ದಾಗ ಇನ್ನೊಂದು ಸಲ ಹಾಕಿ. ಹುಲ್ಲು ತಿನ್ನುತ್ತಿಲ್ಲ ಅಂತ ಫೀಡು ಏರಿಸಬೇಡಿ, ಮೊದಲೇ ಹುಳಿಯಾದ ಹೊಟ್ಟೆ ಇನ್ನೂ ಕೆಡುತ್ತದೆ. ಹದಿನೈದು ಲೀಟರ್ ಮಟ್ಟದ ಹಸುವಿಗೆ ಅಡುಗೆ ಸೋಡಾ (ಅದೂ ಬೈಕಾರ್ಬನೇಟೇ) ಬೆಳಿಗ್ಗೆ 50 ಗ್ರಾಂ, ಸಂಜೆ 50 ಗ್ರಾಂ ಫೀಡಿನಲ್ಲಿ ಬೆರೆಸಿ. ಜೊತೆಗೆ ಉಪ್ಪು, ಒಳ್ಳೆಯ ಖನಿಜ ಮಿಶ್ರಣ. ಬೆವರಿನಲ್ಲಿ ಹಸು ಕಳೆದುಕೊಳ್ಳುವುದು ಮುಖ್ಯವಾಗಿ ಪೊಟ್ಯಾಸಿಯಂ, ಅದು ಹಸಿ ಮೇವಿನಲ್ಲಿ ಚೆನ್ನಾಗಿ ಸಿಗುತ್ತದೆ. ಹಸಿ ಮೇವು ಸಿಗುತ್ತಿಲ್ಲ ಅಂತ ಬಾಡಿದ ಎಳೆ ಜೋಳದ ಪೈರನ್ನು ಮಾತ್ರ ಕೊಯ್ದು ಹಾಕಬೇಡಿ. ಅದರಲ್ಲಿ ವಿಷ ಇರುತ್ತದೆ, ಹಸು ಅರ್ಧ ಗಂಟೆಯಲ್ಲಿ ಬಿದ್ದುಹೋಗಬಹುದು.

ಎರಡನೇ ಹಸುವಿನ ಗಬ್ಬದ ವಿಷಯ. ಬೇಸಿಗೆಯಲ್ಲೂ ಬೆದೆ (ಹಸು ಗಬ್ಬಕ್ಕೆ ಸಿದ್ಧವಾಗುವ ಹೊತ್ತು) ಬರುತ್ತದೆ, ಆದರೆ ಕಾಣಿಸುವುದಿಲ್ಲ. ಹದಿನಾಲ್ಕು ಹದಿನೈದು ಗಂಟೆ ಇರಬೇಕಾದ ಬೆದೆ ಎಂಟು ಹತ್ತು ಗಂಟೆಗೆ ಮುಗಿಯುತ್ತದೆ, ಅದೂ ರಾತ್ರಿ ಹೊತ್ತು. ಹೀಗಾಗಿ ಸೆಮೆನ್ ಹಾಕಿಸುವ ಹೊತ್ತು ತಪ್ಪುತ್ತದೆ. ರಾತ್ರಿ ಹತ್ತಕ್ಕೆ, ಬೆಳಗಿನ ಜಾವ ನಾಲ್ಕೈದಕ್ಕೆ ಟಾರ್ಚ್ ಹಿಡಿದು ಹೋಗಿ ಬೆದೆಯ ಲೋಳೆ ಇಳಿಯುತ್ತಿದೆಯಾ ನೋಡಿ. ಸರಿಯಾದ ಹೊತ್ತಿಗೆ ಹಾಕಿಸಿದರೂ ಮೊದಲ ಮೂರು ದಿನ ಭ್ರೂಣ ಶಾಖವನ್ನು ತಡೆಯುವುದಿಲ್ಲ. ಆ ದಿನಗಳಲ್ಲಿ ಆ ಹಸುವಿಗೆ ಫ್ಯಾನು, ನೀರು ತಪ್ಪಿಸಬೇಡಿ. ಇನ್ನೂ ಒಂದು ಸಂಗತಿ ಇದೆ. ಅಂಡಾಶಯದಲ್ಲಿ ಬೆಳೆಯುತ್ತಿರುವ ಅಂಡಗಳಿಗೂ ಶಾಖ ಏಟು ಕೊಟ್ಟಿರುತ್ತದೆ, ಅದರ ಪರಿಣಾಮ ಮಳೆ ಬಿದ್ದ ಮೇಲೂ ಒಂದೆರಡು ತಿಂಗಳು ಉಳಿಯುತ್ತದೆ. ಜೂನ್‌ನಲ್ಲಿ ನಿಲ್ಲಲಿಲ್ಲ ಅಂತ ಬಂಜೆ ಎಂದು ಮಾರಬೇಡಿ. ಮೂರು ಸಲ ಆಗಿರುವುದರಿಂದ ಗರ್ಭಕೋಶದಲ್ಲಿ ಸೋಂಕು ಇದೆಯಾ ಅಂತ ಒಂದು ಸಲ ಪರೀಕ್ಷೆ ಮಾಡಿಸಿ.

ನಾಟಿ ಹಸು ಕಟ್ಟಬೇಕಾ? ನಾಟಿ ತಳಿಗಳು ಶಾಖ ತಡೆಯುವುದು ನಿಜ. ಬೆವರಿನ ಗ್ರಂಥಿ ಜಾಸ್ತಿ, ಕತ್ತಿನ ಕೆಳಗೆ ಜೋಲುವ ಚರ್ಮ, ಗಿಡ್ಡ ನುಣುಪು ಕೂದಲು, ಮೈಯೊಳಗೆ ಹುಟ್ಟುವ ಶಾಖವೇ ಕಡಿಮೆ. ಆದರೆ ನಮ್ಮ ಹಳ್ಳಿಕಾರ್, ಅಮೃತಮಹಲ್ ಉಳುಮೆಗೆ, ಭಾರಕ್ಕೆ ಹೆಸರಾದ ತಳಿಗಳು. ಡೇರಿಗೆ ಹಾಲು ಹಾಕಿ ಸಾಲ ತೀರಿಸುವ ಮನೆಯ ಲೆಕ್ಕಕ್ಕೆ ಅವು ಒದಗುವುದಿಲ್ಲ. ಈಗಿರುವ ಹಸುಗಳನ್ನು ಮಾರಬೇಡಿ, ಬೇಸಿಗೆಯಲ್ಲಂತೂ ಬೆಲೆಯೂ ಸಿಗುವುದಿಲ್ಲ. ಮುಂದಿನ ತಲೆಮಾರಿಗೆ ಎಚ್‌ಎಫ್ ಅಂಶ ಇನ್ನೂ ಏರಿಸುತ್ತಾ ಹೋಗದೆ, ಮಿಶ್ರತಳಿ ಹೋರಿಯ ಅಥವಾ ಜರ್ಸಿ ಸೆಮೆನ್ ಬಗ್ಗೆ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ಎಚ್‌ಎಫ್‌ಗಿಂತ ಜರ್ಸಿ ಬಿಸಿಲು ತಾಳುತ್ತದೆ.

ಕೊನೆಗೆ, ನೀವು ತೊಂದರೆ ಇಲ್ಲ ಅಂದ ಮೂರನೇ ಹಸು. ನನಗೆ ಎಲ್ಲಕ್ಕಿಂತ ಚಿಂತೆ ಆಗಿದ್ದು ಅದರದ್ದೇ. ಹಾಲು ಕೊಡುತ್ತಿಲ್ಲವಲ್ಲ ಅಂತ ಅದನ್ನು ತಗಡಿನ ಕೆಳಗೆ ಕಟ್ಟುವುದು ಎಲ್ಲ ಕಡೆ ಇದೆ. ಆದರೆ ಕರು ಹಾಕುವ ಮುಂಚಿನ ಎರಡು ತಿಂಗಳಲ್ಲೇ ಕೆಚ್ಚಲಿನ ಹಳೆ ಜೀವಕೋಶಗಳು ಹೋಗಿ ಹೊಸವು ಬೆಳೆಯುವುದು. ಆ ಹೊತ್ತಿನಲ್ಲಿ ಶಾಖ ಬಿದ್ದರೆ ಹೊಸ ಕೋಶ ಕಡಿಮೆ ಬೆಳೆಯುತ್ತವೆ. ಫ್ಲೋರಿಡಾ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಇದನ್ನೇ ನೋಡಿದ್ದಾರೆ. ಬತ್ತಿಸಿದ ಕಾಲದಲ್ಲಿ ತಂಪು ಮಾಡದ ಹಸುಗಳು, ಕರು ಹಾಕಿದ ಮೇಲೆ ಎಲ್ಲವನ್ನೂ ಒಂದೇ ತರಹ ತಂಪಾಗಿ ಇಟ್ಟುಕೊಂಡರೂ, ದಿನಕ್ಕೆ ನಾಲ್ಕೈದು ಲೀಟರ್ ಕಡಿಮೆ ಕೊಟ್ಟವು. ಅವು ತುಂಬಾ ಹಾಲು ಕೊಡುವ ಹಸುಗಳು, ನಿಮ್ಮ ಹಸುವಿಗೆ ಅಷ್ಟು ಆಗಲಿಕ್ಕಿಲ್ಲ. ಆದರೂ ಆ ನಷ್ಟ ಹತ್ತು ತಿಂಗಳು ನಡೆಯುತ್ತದೆ. ಹೊಟ್ಟೆಯಲ್ಲಿದ್ದ ಹೆಣ್ಣು ಕರುಗಳು ಮುಂದೆ ಹಸುವಾದಾಗ ಅವುಗಳ ಹಾಲೂ ಕಡಿಮೆಯಾಗಿತ್ತು.

ಆದ್ದರಿಂದ ಇರುವುದು ಒಂದೇ ಫ್ಯಾನ್ ಆದರೆ ಈ ಹಸುವನ್ನೂ ಅದೇ ಗಾಳಿಗೆ ತಂದು ಕಟ್ಟಿ. ನೀರು, ನೆರಳು, ಮೈಗೆ ನೀರು ಹಾಕುವುದು ಎಲ್ಲ ಇದಕ್ಕೂ ಆಗಬೇಕು. ಅಡುಗೆ ಸೋಡಾ ಮಾತ್ರ ಇದಕ್ಕೆ ಕೊಡಬೇಡಿ. ಕ್ಯಾಲ್ಸಿಯಂ ಕೂಡ ಕರು ಹಾಕುವ ತನಕ ಕುಡಿಸಬೇಡಿ. ಎರಡರಿಂದಲೂ ಕರು ಹಾಕಿದ ಕೂಡಲೇ ಹಾಲುಜ್ವರ (ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ಕಾಯಿಲೆ) ಬಂದು ಹಸು ನೆಲ ಹಿಡಿಯುವ ಸಂಭವ ಜಾಸ್ತಿ. ಶಾಖದಲ್ಲಿ ಬೆಳೆದ ಕರು ಸ್ವಲ್ಪ ಚಿಕ್ಕದಾಗಿ ಹುಟ್ಟುತ್ತದೆ, ದಿನ ತುಂಬುವ ಮೊದಲೇ ಹುಟ್ಟುವುದೂ ಉಂಟು. ಗಿಣ್ಣು ಹಾಲಿನ ರಕ್ಷಣಾ ಶಕ್ತಿಯನ್ನು ಅದರ ಕರುಳು ಅಷ್ಟಾಗಿ ಹೀರಿಕೊಳ್ಳುವುದಿಲ್ಲ. ಹಾಗಾಗಿ ಹೇಳಿದ ತಾರೀಕಿಗಿಂತ ಹತ್ತು ದಿನ ಮೊದಲಿಂದಲೇ ರಾತ್ರಿ ಒಂದು ಸಲ ಎದ್ದು ನೋಡಿ. ಸತ್ತೆ (ಮಾಸು) ಬೀಳಲಿ ಅಂತ ಕಾಯದೆ, ಹುಟ್ಟಿದ ಒಂದು ಗಂಟೆಯೊಳಗೆ ಕರುವಿಗೆ ಗಿಣ್ಣು ಹಾಲು ಕುಡಿಸಿ. ಮೊದಲ ದಿನ ಕರುವಿನ ತೂಕದ ಹತ್ತರಲ್ಲಿ ಒಂದು ಪಾಲಿನಷ್ಟು, ಅಂದರೆ ಎರಡೂವರೆ-ಮೂರು ಲೀಟರ್, ಅದರ ಹೊಟ್ಟೆಗೆ ಹೋಗಬೇಕು.